ಕಾಲು ಇಂಚಿನ ತಾಮ್ರದ ಪೈಪು

ನಮ್ಮ ಐಟಿಐನಲ್ಲಿ ಎಸಿ-ಫ್ರಿಜ್ ಟ್ರೇಡಿಗೆ ಸೇರಿದವರಿಗೆಲ್ಲ ಕಂಪ್ರೆಸರ್ ಬಿಚ್ಚುವ ಆಸೆ. ಆದರೆ ಮೊದಲ ಕೆಲವು ವಾರ ಸರ್ ನಮ್ಮ ಕೈಗೆ ಕೊಟ್ಟಿದ್ದು ಒಂದೊಂದು ಅಡಿ ತಾಮ್ರದ ಪೈಪು ಅಷ್ಟೇ. ಕಾಲು ಇಂಚಿನದು, ಗೋಡೆ 0.8 ಮಿ.ಮೀ. ದಪ್ಪ. ನಟ್ಟಿನಲ್ಲಿ ಬಿಗಿಯಲು ಬರುವಂತೆ ಬಾಯಿಯನ್ನು ತುತ್ತೂರಿಯ ಹಾಗೆ ಅಗಲಿಸಿ ಫ್ಲೇರ್ ಮಾಡಬೇಕು, ಸರ್‌ಗೆ ತೋರಿಸಬೇಕು, ಅವರು ತಲೆ ಅಲ್ಲಾಡಿಸಿದರೆ ಅಷ್ಟನ್ನು ಕತ್ತರಿಸಿ ಹಾಕಿ ಮತ್ತೆ ಶುರು ಮಾಡಬೇಕು. ಪೈಪು ನಾಲ್ಕು ಬೆರಳಿನಷ್ಟು ಉಳಿಯುವವರೆಗೂ ಬಿಡುತ್ತಿರಲಿಲ್ಲ. ತಾಮ್ರ ದುಬಾರಿ ಅಲ್ವಾ.

ಕಟರ್‌ನಿಂದ ಕತ್ತರಿಸಿದಾಗ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಅದನ್ನು ರೀಮರ್‌ನಲ್ಲಿ ಕೆರೆಯುವಾಗ ಪೈಪಿನ ಬಾಯಿ ಕೆಳಗಿರಬೇಕು, ಇಲ್ಲಾಂದ್ರೆ ತಾಮ್ರದ ಚೂರು ಒಳಗೆ ಸೇರಿ ಮುಂದೊಂದು ದಿನ ಕಂಪ್ರೆಸರ್ ಕೆಡಿಸುತ್ತದೆ. ಆಮೇಲೆ ನಟ್ಟು ತೂರಿಸಿ, ಪೈಪನ್ನು ಹಿಡಿಯುವ ಬ್ಲಾಕಿನಿಂದ ಒಂದು ನಾಣ್ಯದ ದಪ್ಪದಷ್ಟು ಮೇಲೆ ಬಿಟ್ಟು ಬಿಗಿಯಬೇಕು. ಬಾಯಿ ಅಗಲಿಸುವ ಚೂಪು ಕೋನಿಗೆ ಒಂದು ಹನಿ ಎಣ್ಣೆ. ಸ್ವಲ್ಪ ತಿರುಗಿಸಿ, ಸ್ವಲ್ಪ ಹಿಂದೆ ಬಿಟ್ಟು, ಮತ್ತೆ ತಿರುಗಿಸಬೇಕು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೇ ಗೊತ್ತಾಗಬೇಕು. ಜಾಸ್ತಿ ಬಿಗಿದರೆ ಗೋಡೆ ತೆಳುವಾಗುತ್ತದೆ.

ಒಂದು ದಿನ ನನ್ನ ಫ್ಲೇರ್‌ಗಳು ಒಂದರ ಹಿಂದೆ ಒಂದು ಸೀಳಿದವು. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಸರ್ ಉಗುರನ್ನು ಅಂಚಿನ ಸುತ್ತ ಓಡಿಸಿ ಅದನ್ನು ಹಿಡಿದರು. ಅದು ಹಿಂದಿನ ಬ್ಯಾಚಿನವರು ಬಗ್ಗಿಸಿ, ನೆಟ್ಟಗೆ ಮಾಡಿ ಬಿಟ್ಟಿದ್ದ ಪೈಪು. ಬಗ್ಗಿಸಿದಷ್ಟೂ ತಾಮ್ರ ಗಟ್ಟಿಯಾಗುತ್ತದಂತೆ. ಸರ್ ಬೆಸುಗೆಯ ಟಾರ್ಚ್ ಹಚ್ಚಿ ತುದಿಯನ್ನು ಮಂಕು ಕೆಂಪಾಗುವವರೆಗೆ ಕಾಯಿಸಿ ಸೀದಾ ನೀರಿಗೆ ಅದ್ದಿದರು. ನೀರಿಗೆ ಹಾಕಿದರೆ ಉಳಿಯ ಉಕ್ಕಿನ ಹಾಗೆ ಇನ್ನೂ ಗಟ್ಟಿಯಾಗುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಸರ್ ಅದನ್ನು ಎರಡು ಬೆರಳಲ್ಲಿ ಬಗ್ಗಿಸಿ ತೋರಿಸಿದರು, ಹಸಿ ಕಡ್ಡಿಯ ಹಾಗೆ ಬಾಗಿತು. ಉಕ್ಕಿನ ಗುಣವೇ ಬೇರೆ, ತಾಮ್ರದ ಗುಣವೇ ಬೇರೆ ಅಂತ ನನಗೆ ಅರ್ಥವಾಗಿದ್ದು ಆಗಲೇ. ಅದೇ ತುದಿಯಲ್ಲಿ ಮಾಡಿದ ಫ್ಲೇರ್ ಕನ್ನಡಿಯಂತೆ ಬಂತು.

ಸ್ವೇಜಿಂಗ್ ಆಮೇಲೆ ಬಂತು. ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದು, ಪ್ರತಿ ಪೆಟ್ಟಿಗೂ ಪಂಚನ್ನು ಸ್ವಲ್ಪ ತಿರುಗಿಸಿ, ಒಂದು ಪೈಪಿನೊಳಗೆ ಅದೇ ಅಳತೆಯ ಇನ್ನೊಂದು ಪೈಪು ಕೂರುವಂತೆ ಬಾಯಿ ಹಿಗ್ಗಿಸುವುದು. ಪೈಪಿನ ಹೊರ ವ್ಯಾಸ ಎಷ್ಟೋ ಸುಮಾರು ಅಷ್ಟೇ ಆಳ. ಜೋಡಿಸಲು ಬೇರೆ ತುಂಡು, ಅಂದರೆ ಕಪ್ಲಿಂಗ್ ಹಾಕಿದರೆ ಎರಡು ಕಡೆ ಬೆಸುಗೆ, ಇದರಲ್ಲಿ ಒಂದೇ.

ಈಗ ನಾನು ಎಸಿ ಕೂರಿಸುವ ಕೆಲಸದಲ್ಲಿದ್ದೇನೆ. ಆರ್-32 ಗ್ಯಾಸಿನ ಒತ್ತಡ ನಾವು ಕಲಿತ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ, ಹಾಗಾಗಿ ಸಣ್ಣ ತಪ್ಪೂ ನಡೆಯುವುದಿಲ್ಲ. ಇವತ್ತಿಗೂ ಪ್ರತಿ ಫ್ಲೇರ್ ಮಾಡಿದ ಮೇಲೆ ಅಂಚಿನ ಸುತ್ತ ಉಗುರು ಓಡಿಸುತ್ತೇನೆ.

ಮುಂದಿನ ತಿಂಗಳು ನಮ್ಮ ಐಟಿಐ ಕಡೆ ಬರುತ್ತೇನೆ. ಕಾಲು ಇಂಚಿನ ಪೈಪು ಒಂದು ಪೂರ್ತಿ ಸುರುಳಿ ತರುತ್ತೇನೆ. ಹುಡುಗರು ಬೇಕಾದಷ್ಟು ಕತ್ತರಿಸಲಿ.