ಕೊರಗನ್ನು ಮಾತಿನಲ್ಲೇ ಹಿಡಿಯಬಹುದಾ?

ಒಬ್ಬ ಮನುಷ್ಯ ಒಂದೇ ಕೆಟ್ಟ ಯೋಚನೆಯಲ್ಲಿ ಸಿಕ್ಕಿಕೊಂಡಿದ್ದಾನೆ ಅನ್ನೋದನ್ನ ಅವನ ಮಾತು ಕೇಳಿ ಹೇಳಬಹುದಾ? ಮೆದುಳಿನ ಸ್ಕ್ಯಾನ್ ನೋಡಿ ಹೇಳಬಹುದಾ? ಈ ಎರಡು ಪ್ರಶ್ನೆ ಹಿಡಿದುಕೊಂಡು ಸುಮಾರು ದಿನದಿಂದ ಓದುತ್ತಿದ್ದೇನೆ. ಸ್ವಲ್ಪ ಮಟ್ಟಿಗೆ ಹೇಳಬಹುದು ಅನ್ನುವ ಒಳ್ಳೊಳ್ಳೆ ಸಂಶೋಧನೆಗಳಿವೆ. ಆದರೆ ಮಾತಿನ ಮೇಲೆ ನಡೆದ ದೊಡ್ಡ ಕೆಲಸವೆಲ್ಲ ಹೆಚ್ಚಾಗಿ ಇಂಗ್ಲಿಷಿನದು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಜನ ಕೊರಗುವ ರೀತಿಗೆ ಅದು ಎಷ್ಟು ಹೊಂದುತ್ತೆ ಅನ್ನೋದೇ ನನ್ನ ಪ್ರಶ್ನೆ.

ಬೇಜಾರು ಎಲ್ಲರಿಗೂ ಆಗುತ್ತೆ. ಬೆಳೆ ಹೋದಾಗ, ಸಾಲ ಏರಿದಾಗ, ಮಗಳ ಮದುವೆ ಮುರಿದಾಗ ಯೋಚನೆ ಬರದೆ ಇರುತ್ತಾ? ನಾನು ಹೇಳುತ್ತಿರುವುದು ಅದಲ್ಲ. ಎಷ್ಟು ಯೋಚಿಸಿದರೂ ದಾರಿ ಕಾಣದೆ, ಬಿಡಬೇಕು ಅಂದರೂ ಬಿಡದೆ, ಕೂತಲ್ಲಿ ನಿಂತಲ್ಲಿ ಅದೇ ತಿರುಗಿ ತಿರುಗಿ ಬರೋದು. ನಮ್ಮ ಕಡೆ ‘ಮನಸಿಗೆ ಹಚ್ಕೊಂಡಾನ’ ಅಂತಾರಲ್ಲ, ಅದು. ಖಿನ್ನತೆಯಲ್ಲೂ ಇದು ಇರುತ್ತೆ, ಆತಂಕದಲ್ಲೂ ಇರುತ್ತೆ.

ಇದನ್ನು ಗಂಭೀರವಾಗಿ ಹಿಡಿದು ಅಭ್ಯಾಸ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಸುಸಾನ್ ನೋಲೆನ್-ಹೊಕ್ಸೆಮಾ. 1989ರ ಅಕ್ಟೋಬರ್ 17ರಂದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ದೊಡ್ಡ ಭೂಕಂಪ ಆಯ್ತು. ಅದಕ್ಕೆ 14 ದಿನ ಮುಂಚೆ ಅವರು ಸ್ಟ್ಯಾನ್‌ಫರ್ಡ್‌ನ 137 ವಿದ್ಯಾರ್ಥಿಗಳಿಂದ, ಬೇಜಾರಾದಾಗ ಏನು ಮಾಡ್ತೀರಿ, ಅದನ್ನೇ ಮೆಲುಕು ಹಾಕ್ತೀರಾ ಅಂತ ಬರೆಸಿಕೊಂಡಿದ್ದರು. ಭೂಕಂಪ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು! ಆದ 10 ದಿನಕ್ಕೆ ಒಮ್ಮೆ, 7 ವಾರಕ್ಕೆ ಒಮ್ಮೆ ಮತ್ತೆ ಕೇಳಿದರು. ಮೊದಲಿಂದಲೂ ಕೊರಗುವ ಅಭ್ಯಾಸ ಇದ್ದವರಲ್ಲಿ ಆಮೇಲೆ ಖಿನ್ನತೆ ಜಾಸ್ತಿ ಕಂಡಿತು. ಅಂದರೆ ಪೆಟ್ಟು ಬೀಳುವ ಮುಂಚೆಯೇ ಗುರುತು ಇತ್ತು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಎಡದಂಡೆ ಕಾಲುವೆ ನಂಬಿ ಆಗಷ್ಟೇ ಭತ್ತ ನಾಟಿ ಮಾಡಿದ್ದ ಮನೆಗಳಲ್ಲಿ ಆ ವಾರ ಹೇಗಿತ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಕಾಕಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ನೀರು ನುಗ್ಗುವ ಅದೇ ವಿಡಿಯೋ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಿದ್ದರು. ತಟ್ಟೆಯಲ್ಲಿ ರೊಟ್ಟಿ ಅರ್ಧ ಹಾಗೇ ಒಣಗಿತ್ತು. ‘ನಮಗ್ಯಾಕ ಹಿಂಗ ಆಗಬೇಕು? ಯಾವಾಗ್ಲೂ ನಮಗ ಯಾಕ?’ ಇಷ್ಟೇ ಮಾತು. ಅದೇ ಕಾಲುವೆ, ಹೆಚ್ಚುಕಮ್ಮಿ ಅಷ್ಟೇ ಹೊಲ ಇರುವ ಪಕ್ಕದ ಮನೆಯವರೂ ದಿನವಿಡೀ ಗೇಟಿನ ಮಾತೇ ಆಡುತ್ತಿದ್ದರು. ಆದರೆ ಅವರ ಮಾತು ಬೇರೆ ಥರ: ಇಲ್ಲಿತನಕ ಲಾಗೋಡು (ಬೆಳೆಗೆ ಹಾಕಿದ ಖರ್ಚು) ಎಷ್ಟಾಯ್ತು, ನೀರು ಎಷ್ಟು ದಿನ ಬರಬಹುದು, ಬರದಿದ್ರೆ ಯಾವ ತುಂಡು ಬಿಡೋದು. ವಾರದೊಳಗೆ ಗೇಟಿನ ಜಾಗಕ್ಕೆ ಸ್ಟಾಪ್ ಲಾಗ್ ಅನ್ನುವ ಉಕ್ಕಿನ ಅಡ್ಡತಡೆ ಇಳಿಸಿ ನೀರು ನಿಲ್ಲಿಸಿದರು, ಮಳೆ ಬಂತು, ಡ್ಯಾಮ್ ಮತ್ತೆ ತುಂಬಿತು. ಪಕ್ಕದವರ ಮಾತು ಬೇರೆ ಕಡೆ ಹೊರಳಿತು. ಕಾಕಾನ ‘ಯಾಕ’ ಹಾಗೇ ಉಳಿಯಿತು. ಗೇಟಿನ ಬದಲು ಸೊಸೈಟಿ ಸಾಲ ಬಂತು, ಆಮೇಲೆ ಇಪ್ಪತ್ತು ವರ್ಷದ ಹಿಂದಿನ ಆಸ್ತಿ ಪಾಲಿನ ಜಗಳ ಬಂತು. ಪ್ರಶ್ನೆ ಮಾತ್ರ ಅದೇ.

ಈ ವ್ಯತ್ಯಾಸವನ್ನೇ ಎಡ್ವರ್ಡ್ ವಾಟ್ಕಿನ್ಸ್ ಅನ್ನುವ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಬಿಡಿಸಿ ನೋಡಿದ್ದಾರೆ. ಒಂದೇ ವಿಷಯ ಮತ್ತೆ ಮತ್ತೆ ಯೋಚಿಸೋದೆಲ್ಲ ಕೆಟ್ಟದ್ದಲ್ಲ. ‘ಯಾಕೆ ನಾನೇ’ ಅನ್ನುವ ಗಾಳಿಯ ಮೇಲಿನ ಪ್ರಶ್ನೆ ಮುಳುಗಿಸುತ್ತೆ. ‘ಏನಾಯ್ತು, ಹೇಗಾಯ್ತು, ಮುಂದೆ ಏನು’ ಅನ್ನುವ ನೆಲದ ಮೇಲಿನ ಪ್ರಶ್ನೆ ಎಷ್ಟೋ ಸಲ ದಡ ಸೇರಿಸುತ್ತೆ. ಹಾಗಾಗಿ ಯಾವ ವಿಷಯದ ಬಗ್ಗೆ ಕೊರಗುತ್ತಿದ್ದಾರೆ ಅನ್ನೋದಕ್ಕಿಂತ, ಪ್ರಶ್ನೆ ಯಾವ ಥರದ್ದು ಅಂತ ಕೇಳಿಸಿಕೊಳ್ಳಬೇಕು. ನಾನು ಇಷ್ಟೆಲ್ಲ ಓದಿದ್ದರಲ್ಲಿ ಅತಿ ಮುಖ್ಯ ಅನಿಸಿದ್ದು ಇದೇ.

ಈಗ ಕಂಪ್ಯೂಟರ್ ವಿಷಯ. 2004ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳನ್ನು ಲೆಕ್ಕ ಹಾಕಿ ನೋಡಿದಾಗ, ಖಿನ್ನತೆ ಇದ್ದವರು ಇಂಗ್ಲಿಷಿನ ‘ಐ’ (ನಾನು) ಪದವನ್ನು ಉಳಿದವರಿಗಿಂತ ಜಾಸ್ತಿ ಬಳಸಿದ್ದರು. 2018ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 63 ಆನ್‌ಲೈನ್ ಗುಂಪುಗಳಲ್ಲಿ 6,400ಕ್ಕೂ ಹೆಚ್ಚು ಜನ ಬರೆದದ್ದನ್ನು ಜಾಲಾಡಿದರು. ‘ಯಾವಾಗಲೂ’, ‘ಎಂದಿಗೂ’, ‘ಪೂರ್ತಿ’ ಥರದ ಕಡ್ಡಿ ಮುರಿದಂಥ ಪದಗಳು ಖಿನ್ನತೆ, ಆತಂಕದ ಗುಂಪುಗಳಲ್ಲಿ ಸುಮಾರು ಶೇ. 50ರಷ್ಟು ಜಾಸ್ತಿ, ಆತ್ಮಹತ್ಯೆಯ ಯೋಚನೆ ಇದ್ದವರ ಗುಂಪುಗಳಲ್ಲಿ ಸುಮಾರು ಶೇ. 80ರಷ್ಟು ಜಾಸ್ತಿ ಇದ್ದವು. ಅದೇ ವರ್ಷ 683 ರೋಗಿಗಳ ಒಪ್ಪಿಗೆ ಪಡೆದು ಅವರ ಫೇಸ್‌ಬುಕ್ ಪೋಸ್ಟುಗಳನ್ನು ಆಸ್ಪತ್ರೆ ದಾಖಲೆಗೆ ಹೋಲಿಸಿದರು. ಡಾಕ್ಟರು ಖಿನ್ನತೆ ಅಂತ ಬರೆಯುವ ಮೊದಲೇ ಪೋಸ್ಟುಗಳಲ್ಲಿ ಸುಳಿವು ಸಿಕ್ಕಿತು.

ಆದರೆ ಇವನ್ನ ಕನ್ನಡಕ್ಕೆ ಹಾಗೇ ತಂದು ಹಾಕಿದರೆ ನಡೆಯಲ್ಲ. ‘ಮಲಗಿದೆ, ನಿದ್ದೆ ಬರಲಿಲ್ಲ, ಎದ್ದು ಕೂತೆ.’ ಇದರಲ್ಲಿ ‘ನಾನು’ ಎಲ್ಲಿದೆ? ಕ್ರಿಯಾಪದದ ಬಾಲದಲ್ಲಿ ಅಡಗಿದೆ, ‘ಬರಲಿಲ್ಲ’ದಲ್ಲಿ ಅದೂ ಇಲ್ಲ. ಪದ ಎಣಿಸುವ ಯಂತ್ರಕ್ಕೆ ಅಲ್ಲಿ ಸೊನ್ನೆ ಸಿಗುತ್ತೆ. ಕಾಕಾ ತಮ್ಮೊಬ್ಬರ ನೋವು ಹೇಳುವಾಗಲೂ ‘ನಮಗ’, ‘ನಮ್ಮ ಹಣೆಬರ’ ಅಂತಲೇ ಹೇಳೋದು. ಇನ್ನು ‘ಎಲ್ಲಾ ಹೋತು’ ಅನ್ನೋದನ್ನ ಇಲ್ಲಿ ಹಾಲು ಉಕ್ಕಿದಾಗಲೂ ಅಂತಾರೆ, ಅದನ್ನ ಹಿಡಿದು ಖಿನ್ನತೆ ಅಂದರೆ ಊರಿಗೆ ಊರೇ ರೋಗಿ ಆಗುತ್ತೆ. ಒಂದೇ ಭಾಷೆಯೊಳಗೂ ಈ ತೊಂದರೆ ಇದೆ. 2024ರಲ್ಲಿ ಅಮೆರಿಕದಲ್ಲೇ ನಡೆದ ಅಧ್ಯಯನದಲ್ಲಿ ಆ ‘ಐ’ ಗುರುತು ಬಿಳಿಯರಲ್ಲಿ ಕೆಲಸ ಮಾಡಿತು, ಕಪ್ಪು ಜನರಲ್ಲಿ ಮಾಡಲಿಲ್ಲ. ಅಲ್ಲೇ ಹೀಗಾದರೆ ಕೊಪ್ಪಳದ ಮಾತಿಗೆ ಏನು ಗ್ಯಾರಂಟಿ?

ಮೆದುಳಿನ ಕಡೆ ಬಂದರೆ ಬೇರೆ ಥರದ ಸಂಕಟ. ಇಂಥ ಸಂಶೋಧನೆಗೆ ಬಳಸುವ ಎಫ್‌ಎಂಆರ್‌ಐ ಅನ್ನುವ ಮೆದುಳಿನ ಸ್ಕ್ಯಾನ್ ಯಾರ ಯೋಚನೆಯನ್ನೂ ಓದಲ್ಲ. ಮೆದುಳಿನ ಯಾವ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯಿತು ಅಂತ ಅಳೆಯುತ್ತೆ, ಅದೂ ಐದಾರು ಸೆಕೆಂಡ್ ತಡವಾಗಿ. ಸುಮ್ನೆ ಮಲಗಿದಾಗ ಚುರುಕಾಗುವ ಒಂದು ಜಾಲ ಮೆದುಳಿನಲ್ಲಿದೆ ಅಂತ 2001ರಲ್ಲಿ ಮಾರ್ಕಸ್ ರೈಕಲ್ ಮತ್ತು ಜೊತೆಯವರು ವಿವರಿಸಿದರು. ನಮ್ಮ ಬಗ್ಗೆಯೇ ನಾವು ಯೋಚಿಸುವಾಗ ಅದು ಕೆಲಸ ಮಾಡುತ್ತೆ, ಕೊರಗಿನಲ್ಲೂ ಅದರ ಪಾಲಿದೆ. 2023ರಲ್ಲಿ ದಕ್ಷಿಣ ಕೊರಿಯಾದ ತಂಡವೊಂದು, ಹಣೆಯ ಹಿಂದೆ ಮೆದುಳಿನ ಎರಡು ಅರ್ಧಗಳು ಕೂಡುವ ಕಡೆ ಮೇಲ್ಭಾಗದಲ್ಲಿರುವ ಜಾಗ ಉಳಿದ ಭಾಗಗಳ ಜೊತೆ ಇಟ್ಟುಕೊಂಡ ಸಂಪರ್ಕ ಹೇಗೆ ಬದಲಾಗುತ್ತಾ ಹೋಗುತ್ತೆ ಅಂತ ನೋಡಿ, ಪ್ರಶ್ನಾವಳಿಯಲ್ಲಿ ಜನರಿಗೆ ಬಂದ ಕೊರಗಿನ ಅಂಕವನ್ನು ತಕ್ಕಮಟ್ಟಿಗೆ ಅಂದಾಜು ಮಾಡಿತು. ಮರುವರ್ಷ ಇನ್ನೊಂದು ಕೆಲಸ ಬಂತು, ನನಗೆ ಅದೇ ಜಾಸ್ತಿ ಹಿಡಿಸಿದ್ದು: ಜನರನ್ನು ಕೂರಿಸಿ ಅವರದೇ ಬದುಕಿನ ಕಥೆ ಕೇಳಿ, ಅದನ್ನೇ ಬರೆದು, ಸ್ಕ್ಯಾನರಿನೊಳಗೆ ಅವರಿಗೇ ಓದಿಸಿದರು. ಓದುತ್ತಿರುವುದು ತಮಗೆ ಎಷ್ಟು ಹತ್ತಿರದ್ದು, ಹಿತವೋ ಅಹಿತವೋ ಅನ್ನೋದನ್ನ ಮೆದುಳಿನ ಸಂಕೇತದಿಂದ ಊಹಿಸೋಕೆ ಆಯ್ತು. ಮಾತು ಮತ್ತು ಮೆದುಳು ಒಂದೇ ಕಡೆ ಕೂಡಿದ್ದು ಅಲ್ಲಿ.

ಇಷ್ಟಾದರೂ ಒಬ್ಬ ವ್ಯಕ್ತಿಯ ಸ್ಕ್ಯಾನ್ ಹಿಡಿದು ‘ಇವರು ಕೊರಗುತ್ತಿದ್ದಾರೆ’ ಅಂತ ಡಾಕ್ಟರು ಬರೆದುಕೊಡುವ ಹಂತಕ್ಕೆ ಇದು ಬಂದಿಲ್ಲ. ತಲೆ ಒಂದೆರಡು ಮಿಲಿಮೀಟರ್ ಅಲ್ಲಾಡಿದರೂ ಲೆಕ್ಕ ಕೆಡುತ್ತೆ. ಸ್ಕ್ಯಾನ್ ನಮಗೆ ಕಾಯಿಲೆಯ ಒಳಗನ್ನು ಅರ್ಥ ಮಾಡಿಸಲಿ. ಊರೂರಲ್ಲಿ ಜನರನ್ನು ಗುರುತಿಸೋಕೆ ಬೇಕಾದ್ದು ಕಿವಿ.

ಈ ವಿಷಯದಲ್ಲಿ ನಮ್ಮ ಕಡೆಯವರಿಗೆ ಹೆಮ್ಮೆಪಡುವಂಥ ಸಂಗತಿ ಒಂದಿದೆ, ಅದು ನಮ್ಮವರಿಗೇ ಗೊತ್ತಿಲ್ಲ ಅನ್ನೋದು ನನಗೆ ಬೇಸರ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಬಳ್ಳಾರಿಯ ಮಾದರಿ ಹಿಡಿದು. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ, ಮೂರ್ಛೆರೋಗ ಗುರುತಿಸೋದು ಹೇಗೆ ಅಂತ ಕಲಿಸಿದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗದೆ ಅಲ್ಲಲ್ಲೇ ಔಷಧಿ ಸಿಗುವ ಹಾಗೆ ಮಾಡಿದರು. ಸ್ಕ್ಯಾನೂ ಇರಲಿಲ್ಲ, ಫೋನೂ ಇರಲಿಲ್ಲ, ಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವವರಿದ್ದರು.

ಈಗ ಆಶಾ ಕಾರ್ಯಕರ್ತೆಯರಿದ್ದಾರೆ. ಯಾವ ಮನೆಯಲ್ಲಿ ಯಾರು ಊಟ ಬಿಟ್ಟಿದ್ದಾರೆ ಅನ್ನೋದು ಅವರಿಗೆ ಗೊತ್ತಿರುತ್ತೆ. ಮಾತಿನಿಂದ ಕೊರಗು ಗುರುತಿಸುವ ಸಾಧನ ಕನ್ನಡದಲ್ಲಿ ಮಾಡೋದಾದರೆ ಇಂಥವರನ್ನು ಜೊತೆಗೆ ಕೂರಿಸಿಕೊಂಡು, ನಮ್ಮ ಕಡೆಯ ಆಡುಮಾತಿನಿಂದಲೇ ಶುರು ಮಾಡಬೇಕು. ಮಾತಾಡಿದವರ ಒಪ್ಪಿಗೆ ಇಲ್ಲದೆ ಒಂದು ವಾಕ್ಯವನ್ನೂ ಎತ್ತಬಾರದು. ‘ತಲೆ ಸರಿಯಿಲ್ಲ’ ಅನ್ನುವ ಮಾತು ಹಬ್ಬಿದರೆ ನಮ್ಮಲ್ಲಿ ಮಕ್ಕಳ ಸಂಬಂಧ ತಪ್ಪುತ್ತೆ. ಸಾಲ ಕೊಡುವ ಆ್ಯಪಿನವರ ಕೈಗೆ ಇಂಥ ಸಾಧನ ಕೊಡುವ ಕೊರಗಿನ ಅಂಕ ಸಿಕ್ಕರೆ ಏನಾಗಬಹುದು, ಯೋಚಿಸಿ.

ಕಾಕಾನ ಜೊತೆ ಕೂತಾಗ ನಾನು ‘ಯಾಕೆ’ಗೆ ಉತ್ತರ ಹುಡುಕೋಕೆ ಹೋಗಲ್ಲ. ‘ಕಾಕಾ, ಅವತ್ತು ಮೊದಲು ಯಾರಿಗೆ ಫೋನ್ ಮಾಡಿದ್ರಿ? ಸೊಸೈಟಿಯವರು ಏನಂದ್ರು? ಕಂತು ಯಾವ ತಿಂಗಳು ಕಟ್ಟೋದು?’ ಅಂತ ಕೇಳ್ತೀನಿ. ಮೊದಲು ರೇಗುತ್ತಾರೆ. ಆಮೇಲೆ ತಾರೀಖು ನೆನಪಿಸಿಕೊಳ್ಳುತ್ತಾ ಎದ್ದು ಕೂರುತ್ತಾರೆ, ಪಾಸ್‌ಬುಕ್ ತರಿಸುತ್ತಾರೆ. ವಾಟ್ಕಿನ್ಸ್ ಅವರ ಚಿಕಿತ್ಸೆಯ ತಿರುಳೂ ಹೀಗೆ ಯೋಚನೆಯನ್ನು ನೆಲಕ್ಕೆ ಇಳಿಸೋದೇ, ಪರೀಕ್ಷೆಗಳಲ್ಲಿ ಅದರಿಂದ ಖಿನ್ನತೆ ಕಡಿಮೆಯಾದದ್ದು ಕಂಡಿದೆ. ಮನೆಯವರ ಮಾತು ಚಿಕಿತ್ಸೆಗೆ ಬದಲಿ ಅಲ್ಲ, ಅದು ನನಗೆ ಗೊತ್ತು. ವಾರಗಟ್ಟಲೆ ನಿದ್ದೆ ಊಟ ಕೆಟ್ಟಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಕಾಯಬೇಡಿ, ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲಾಂದ್ರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ, ಹಗಲು ರಾತ್ರಿ ಯಾವಾಗ ಮಾಡಿದರೂ ನಡೆಯುತ್ತೆ.