ನೈದಿಲೆ ಅರಳುವ ಮುನ್ನ ಜಿವೆರ್ನಿ

ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ ಬಾಳಿದ ಮನೆ, ಬೆಳೆಸಿದ ತೋಟ ಇರುವ ಊರು ಜಿವೆರ್ನಿ. ಪ್ಯಾರಿಸ್ಸಿನಿಂದ ಅಲ್ಲಿಗೆ ಹೊರಡುವವರ ಮನಸ್ಸಿನಲ್ಲಿರುವುದು ಅವನ ಚಿತ್ರಗಳ ನೈದಿಲೆ. ಏಪ್ರಿಲ್ ಮೊದಲ ವಾರ ಹೋದರೆ ಒಂದೂ ಸಿಗದು, ಅದು ಬೇಸಿಗೆಯ ಹೂವು. ಕೊಳದ ಹಸಿರು ಸೇತುವೆ ಮೇಲಿನ ವಿಸ್ಟೀರಿಯಾ ಹೂಬಳ್ಳಿಗೂ ಮೇ ಬರಬೇಕು. ಆದರೆ ತೋಟದ ಕಟ್ಟು ಕಾಣುವುದು ಈಗಲೇ. ಎಲೆ ಇನ್ನೂ ಮುಚ್ಚಿಕೊಂಡಿರುವುದಿಲ್ಲ, ಪಾತಿಗಳ ಸಾಲು, ನಡುದಾರಿಯ ಕಬ್ಬಿಣದ ಕಮಾನು ಎಲ್ಲ ಬಿಡಿಬಿಡಿಯಾಗಿ ತೋರುತ್ತವೆ.

ಪ್ಯಾರಿಸ್ಸಿನ ಸ್ಯಾಂ-ಲಜಾರ್ ನಿಲ್ದಾಣದಿಂದ ವೆರ್ನೋಂ ಪಟ್ಟಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಇಳಿಯುವ ನಿಲ್ದಾಣದ ಹೆಸರಲ್ಲಿ ಜಿವೆರ್ನಿ ಇದ್ದರೂ ಊರು ಇನ್ನೂ 5 ಕಿ.ಮೀ. ಆಚೆ. ರೈಲಿನ ವೇಳೆಗೆ ಬಸ್ಸು ಕಾದಿರುತ್ತದೆ, ಇಳಿದವರು ಕಾಫಿಗೆ ನಿಂತರೆ ಅದು ಹೋಗಿಬಿಡುತ್ತದೆ. ಬಸ್ಸು ತಪ್ಪಿದರೆ ಸೇನ್ ನದಿ ದಾಟಿ, ಹಳೆಯ ರೈಲುಹಳಿ ಇದ್ದ ಹಾದಿಯಲ್ಲಿ ಒಂದು ಗಂಟೆಗೂ ಮೇಲೆ ನಡೆಯಬೇಕು. ಮರಳುವ ಬಸ್ಸಿನ ವೇಳಾಪಟ್ಟಿಯ ಫೋಟೊ ಆಗಲೇ ತೆಗೆದಿಟ್ಟುಕೊಳ್ಳಿ. ತೋಟ ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ ತೆರೆದಿರುತ್ತದೆ, ಬಾಗಿಲು ತೆಗೆಯುವುದು ಬೆಳಿಗ್ಗೆ 9.30ಕ್ಕೆ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಟ್ಟರೆ ಒಳ್ಳೆಯದು.

ಒಳಗೆ ಹೋದವರೆಲ್ಲ ಮನೆ ಮುಂದಿನ ಹೂಪಾತಿಯಲ್ಲೇ ನಿಲ್ಲುತ್ತಾರೆ. ನೀವು ನಿಲ್ಲಬೇಡಿ. ಟ್ಯುಲಿಪ್‌ಗೆ ಬಿಸಿಲು ತಾಗಬೇಕು, ಚಳಿಯ ಬೆಳಿಗ್ಗೆ ದಳ ಬಿಗಿದುಕೊಂಡಿರುತ್ತದೆ. ನೆಲದಡಿಯ ದಾರಿಯಲ್ಲಿ ರಸ್ತೆ ದಾಟಿ ನೇರ ಕೊಳಕ್ಕೆ ಹೋಗಿ. 1893ರಲ್ಲಿ ಮೊನೆ ಈ ಜಾಗ ಕೊಂಡು, ಪಕ್ಕದ ತೊರೆಯ ನೀರು ತಿರುಗಿಸಿ ಕೊಳ ಮಾಡಿಸಿದ. ಪರದೇಶಿ ಗಿಡದಿಂದ ನೀರು ಕೆಡುತ್ತದೆಂದು ಊರವರು ತಕರಾರು ತೆಗೆದಿದ್ದರು. ಗಾಳಿ ಏಳುವ ಮುಂಚೆ ನೀರು ಅಲುಗದೆ ನಿಂತಿರುತ್ತದೆ. ನೈದಿಲೆ ಎಲೆ ಅಡ್ಡ ಬಾರದ ಕಾರಣ ವಿಲೋ ಮರದ ಚಿಗುರು, ಆಕಾಶ ಎರಡೂ ಅದರಲ್ಲಿ ಇಡಿಯಾಗಿ ಮೂಡುತ್ತವೆ. ಇದು ಜುಲೈಯಲ್ಲಿ ಸಿಗುವ ನೋಟವಲ್ಲ.

ಹನ್ನೊಂದರ ಹೊತ್ತಿಗೆ ಪಾತಿಗಳಿಗೆ ಮರಳಿ. ಒಂದು ಪಾತಿಯ ಮುಂದೆ ಬಗ್ಗಿ ನೋಡಿ: ಕೆಳಗೆ ಪ್ಯಾನ್ಸಿ, ಫರ್ಗೆಟ್-ಮಿ-ನಾಟ್ ನೆಲಕ್ಕೆ ಹಾಸಿದ ಹಾಗೆ, ಅವುಗಳ ನಡುವಿಂದ ಟ್ಯುಲಿಪ್ ದಂಟು ಒಂದೊಂದಾಗಿ ಮೇಲೆದ್ದಿವೆ. ಶರತ್ಕಾಲದಲ್ಲೇ ಗೆಡ್ಡೆ ಹೂತು ಮಾಡಿದ ಎರಡಂತಸ್ತಿನ ನೆಡುವಿಕೆ ಇದು. ಬುಡದ ಬರಿ ಮಣ್ಣು ಕಾಣದಿರುವುದಕ್ಕೆ ಇದೇ ಕಾರಣ. ಚಳಿ ಹೆಚ್ಚಿದ ವರ್ಷ ಟ್ಯುಲಿಪ್ ತಡವಾಗುತ್ತದೆ, ಆಗ ಡ್ಯಾಫೋಡಿಲ್‌ದೇ ರಾಜ್ಯ. ತುಂಬು ಟ್ಯುಲಿಪ್ಪೇ ಬೇಕೆನ್ನುವವರು ತಿಂಗಳ ಕೊನೆಗೆ ಬರುವುದು ಒಳ್ಳೆಯದು. ಮಳೆ ಯಾವಾಗ ಬೇಕಾದರೂ ಬರಬಹುದು, ಮಳೆಕೋಟು ಕೈಯಲ್ಲಿರಲಿ.

ಊರಿರುವುದು ಒಂದೇ ಉದ್ದನೆ ಬೀದಿಯಾಗಿ. ಹಿಂದೆ ಅಮೆರಿಕದ ಚಿತ್ರಕಾರರು ತಂಗುತ್ತಿದ್ದ ಬೋದಿ ಹೋಟೆಲ್ ದಾಟಿ ಹೋದರೆ ಕೊನೆಯಲ್ಲಿ ಸೇಂಟ್ ರಾದೆಗೊಂದ್ ಚರ್ಚು, ಅದರ ಆವರಣದಲ್ಲಿ 1926ರಲ್ಲಿ ತೀರಿಕೊಂಡ ಮೊನೆಯ ಸಮಾಧಿ. ಗುಂಪು ಇಷ್ಟು ದೂರ ಬರುವುದು ಕಡಿಮೆ. ಬಸ್ಸಿಗೆ ಅರ್ಧ ಗಂಟೆ ಇರುವಾಗಲೇ ಇಲ್ಲಿಂದ ಹಿಂದಿರುಗಿ.