ಬಕೆಟ್ ನೀರಲ್ಲಿ ಕೇಳಿಸಿದ ಫ್ರಿಜ್ಜು

ಸದ್ದು ಒರೆಸುವುದು ನನ್ನ ಕೆಲಸ. ಬೇರೆಯವರು ರೆಕಾರ್ಡ್ ಮಾಡಿ ಕಳಿಸಿದ ಮಾತಿನಿಂದ ಫ್ಯಾನಿನ ಗುಂಯ್, ಕುರ್ಚಿಯ ಕಿರ್ರ್, ದೂರದ ಹಾರ್ನ್ ಎಲ್ಲ ತೆಗೆದು ವಾಪಸ್ ಕಳಿಸುತ್ತೇನೆ. ಹನ್ನೊಂದು ವರ್ಷದಿಂದ ಇದೇ. ಹಾಗಾಗಿ ನನಗೆ ಸಬ್‌ಮರೀನ್ ಹುಚ್ಚು ಹತ್ತಿದ್ದು ಯುದ್ಧ, ಟಾರ್ಪಿಡೊಗಳಿಂದ ಅಲ್ಲ. ಒಂದು ರಾತ್ರಿ ಸುಮ್ನೆ ಏನೋ ಓದುತ್ತಿದ್ದಾಗ ಮೀನಿನ ಹೂಸಿನ ಕಥೆ ಸಿಕ್ಕಿತು. ಅಲ್ಲಿಂದ ಶುರು. ನಗಬೇಡಿ, ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಬಕೆಟ್ಟಿನ ವಿಷಯ ಹೇಳಿಬಿಡುತ್ತೇನೆ.

ನೀರೊಳಗೆ ಕೇಳುವ ಮೈಕಿಗೆ ಹೈಡ್ರೊಫೋನ್ ಅಂತಾರೆ. ಕೊಳ್ಳಲು ಹೋದರೆ ದುಬಾರಿ. ಹಾಳಾದ ಅಲಾರಂ ಒಂದನ್ನು ಬಿಚ್ಚಿ ಅದರ ಬಜರ್ ಒಳಗಿದ್ದ ಹಿತ್ತಾಳೆ ಬಿಲ್ಲೆ ತೆಗೆದೆ. ಪೀಜೋ ಬಿಲ್ಲೆ. ಕರೆಂಟ್ ಕೊಟ್ಟರೆ ಅದುರುತ್ತದೆ, ಅದುರಿಸಿದರೆ ಕರೆಂಟ್ ಕೊಡುತ್ತದೆ. ಎರಡು ವೈರ್ ಬೆಸೆದು, ಮೇಲೆಲ್ಲ ಎಪಾಕ್ಸಿ ಅಂಟು ಬಳಿದು, ರಾತ್ರಿಯೆಲ್ಲ ಒಣಗಲು ಬಿಟ್ಟೆ. ಬೆಳಗ್ಗೆ ಬಚ್ಚಲಿನ ಬಕೆಟ್ಟಿಗೆ ಇಳಿಬಿಟ್ಟು ಹೆಡ್‌ಫೋನ್ ಹಾಕಿಕೊಂಡೆ. ಮಗಳು ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದಳು.

ಕೇಳಿಸಿದ್ದು ಬರೀ ಗೂಂ ಅನ್ನುವ ದಪ್ಪ ಸದ್ದು. ವೈರಿಂದ ಬರುತ್ತಿರಬೇಕು ಅಂತ ಚಾರ್ಜರ್ ಕಿತ್ತೆ. ರೆಕಾರ್ಡರನ್ನು ಬ್ಯಾಟರಿಗೆ ಹಾಕಿದೆ. ಲೈಟ್ ಆರಿಸಿದೆ. ಗೂಂ ಹೋಗಲೇ ಇಲ್ಲ. ಹತ್ತು ನಿಮಿಷ ತಲೆ ಕೆಡಿಸಿಕೊಂಡ ಮೇಲೆ ಅದು ತಾನಾಗಿಯೇ ಟಕ್ ಅಂತ ನಿಂತಿತು. ಮಗಳನ್ನು ಅಡುಗೆಮನೆಗೆ ಓಡಿಸಿದೆ. "ಅಪ್ಪಾ, ಫ್ರಿಜ್ಜು ಈಗಷ್ಟೇ ನಿಂತಿದೆ!" ಅಂತ ಅಲ್ಲಿಂದಲೇ ಕೂಗಿದಳು.

ಎರಡು ಗೋಡೆ ಆಚೆಯ ಫ್ರಿಜ್ಜು. ಬಚ್ಚಲಲ್ಲಿ ನಿಂತು ಬರೀ ಕಿವಿಯಲ್ಲಿ ಕೇಳಿದರೆ ಏನೂ ಕೇಳಿಸುವುದಿಲ್ಲ. ಆದರೆ ಅದರ ಕಂಪ್ರೆಸರ್ ನೆಲ ಅದುರಿಸುತ್ತದೆ, ನೆಲ ಬಕೆಟ್ಟನ್ನು, ಬಕೆಟ್ಟು ನೀರನ್ನು. ಕಾಲೊರೆಸುವ ಮ್ಯಾಟನ್ನು ನಾಲ್ಕು ಮಡಿಕೆ ಮಾಡಿ ಬಕೆಟ್ಟಿನ ಕೆಳಗೆ ಇಟ್ಟೆ. ಕಂಪ್ರೆಸರ್ ಮತ್ತೆ ಶುರುವಾದಾಗ ಗೂಂ ಅರ್ಧಕ್ಕರ್ಧ ಇಳಿದಿತ್ತು.

ಸಬ್‌ಮರೀನ್ ಅಡಗುವ ವಿದ್ಯೆಯ ಮೊದಲ ಪಾಠ ಆ ಮ್ಯಾಟು. ಒಳಗಿನ ಎಂಜಿನ್, ಪಂಪು, ಜನರೇಟರ್ ಯಾವುದನ್ನೂ ನೇರವಾಗಿ ಮೈಗೆ ಬಿಗಿಯುವುದಿಲ್ಲ. ದೊಡ್ಡ ಚೌಕಟ್ಟಿನ ಮೇಲೆ ಕೂರಿಸಿ, ಆ ಚೌಕಟ್ಟಿಗೆ ರಬ್ಬರ್ ಕಾಲು ಕೊಡುತ್ತಾರೆ. ಹೊರಮೈಗೆ ರಬ್ಬರ್ ಹಲಗೆಗಳನ್ನು ಅಂಟಿಸುತ್ತಾರೆ. ಎರಡನೇ ಮಹಾಯುದ್ಧದಲ್ಲೇ ಜರ್ಮನರು ಇದನ್ನು ಶುರು ಮಾಡಿದ್ದರು. ಇನ್ನು ಪ್ರೊಪೆಲರ್. ಜೋರಾಗಿ ತಿರುಗಿಸಿದರೆ ರೆಕ್ಕೆಯ ಹಿಂದೆ ನೀರು ಗುಳ್ಳೆಯಾಗಿ, ಆ ಗುಳ್ಳೆ ಒಡೆದು ಗದ್ದಲ ಎಬ್ಬಿಸುತ್ತದೆ. ಹಾಗಾಗಿ ಅಡಗಬೇಕಾದವನು ನಿಧಾನವಾಗಿ ಹೋಗಬೇಕು.

ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಫ್ರಿಜ್ಜಿನ ಗೂಂ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಅದುರುವ ಸದ್ದಿನ ಹತ್ತಿರ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಶೀತಲ ಸಮರದ ಕಾಲದಲ್ಲಿ ಅಮೆರಿಕದವರು ಹುಡುಕುತ್ತಿದ್ದುದೂ ಇಂಥ ಗೆರೆಗಳನ್ನೇ. ಸೋವಿಯತ್ ಸಬ್‌ಮರೀನುಗಳ ಕರೆಂಟು 50 ಹರ್ಟ್ಸ್, ಅಮೆರಿಕದ್ದು 60. ಸಮುದ್ರದ ತಳದಲ್ಲಿ ಹೈಡ್ರೊಫೋನುಗಳ ಸಾಲು ಹಾಸಿ, ದಡದಲ್ಲಿ ಕೂತು ಕಾಗದದ ಮೇಲೆ ಮೂಡುವ ಗೆರೆ ನೋಡುತ್ತಿದ್ದರು. ಆ ಜಾಲದ ಹೆಸರು ಸೋಸಸ್. ತಮ್ಮ ದೋಣಿಗಳು ಎಷ್ಟು ಗಲಾಟೆ ಮಾಡುತ್ತಿವೆ ಅಂತ ಸೋವಿಯತ್ತಿಗೆ ಗೊತ್ತಾಗಿದ್ದರಲ್ಲಿ ಜಾನ್ ವಾಕರ್ ಅನ್ನುವ ಅಮೆರಿಕದ ನೌಕಾಪಡೆಯವನ ಪಾತ್ರ ದೊಡ್ಡದು. 1967ರಿಂದ 1985ರಲ್ಲಿ ಸಿಕ್ಕಿಬೀಳುವ ತನಕ ಗುಟ್ಟು ಮಾರಿದ.

ಇಲ್ಲಿ ನನಗೆ ಸ್ವಲ್ಪ ನಾಚಿಕೆಯಾಯಿತು. ನನ್ನ ಕೈಗೆ ಯಾವ ಫೈಲ್ ಬಂದರೂ ಮೊದಲು ಮಾಡುವ ಕೆಲಸ 80 ಹರ್ಟ್ಸ್‌ಗಿಂತ ಕೆಳಗಿದ್ದುದನ್ನೆಲ್ಲ ಕತ್ತರಿಸುವುದು. ಮಾತಿಗೆ ಅದು ಬೇಡ, ಬರೀ ಕಸ. ಸೋನಾರ್ ಅಂದರೆ ನೀರೊಳಗೆ ಸದ್ದಿನಿಂದ ಹುಡುಕುವ ಉಪಕರಣ. ಸೋನಾರಿನವರಿಗೆ ಆ ಕಸವೇ ಸರಕು. ದಪ್ಪ ಸ್ವರ ನೀರಲ್ಲಿ ನೂರಾರು ಮೈಲಿ ಹೋಗುತ್ತದೆ, ಸಣ್ಣ ಸ್ವರ ಬೇಗ ಸಾಯುತ್ತದೆ.

ಆ ಕೆಳಗಿನ ಸ್ವರಗಳಲ್ಲಿ ಸಬ್‌ಮರೀನ್ ಒಂದೇ ಇರುತ್ತದೆಯೇ? ಇಲ್ಲ. ಶುರುವಿನಲ್ಲಿ 20 ಹರ್ಟ್ಸ್ ಸುತ್ತ ಗಡಿಯಾರದ ಹಾಗೆ ಒಂದೇ ಸಮ ಬಡಿಯುವ ಸದ್ದು ಕೇಳಿದಾಗ, ಇದು ಶತ್ರುವಿನ ಯಂತ್ರ ಇರಬಹುದಾ ಅಂತ ಅನುಮಾನ ಪಟ್ಟವರಿದ್ದರು. ಜೀವ ಇರುವ ಪ್ರಾಣಿ ಅಷ್ಟು ಲೆಕ್ಕಾಚಾರದಲ್ಲಿ ಕೂಗುತ್ತದೆ ಅಂತ ಯಾರೂ ನಂಬಲಿಲ್ಲ. ಕೊನೆಗೆ ನೋಡಿದರೆ ಅದು ಫಿನ್ ತಿಮಿಂಗಿಲ.

ಸಮುದ್ರ ಇನ್ನೊಂದು ಆಟ ಆಡುತ್ತದೆ. 1930ರ ದಶಕದಲ್ಲಿ ಅಮೆರಿಕದ ಯುಎಸ್‌ಎಸ್ ಸೆಮ್ಸ್ ಅನ್ನುವ ಹಡಗು ಸೋನಾರ್ ಪರೀಕ್ಷೆ ಮಾಡುತ್ತಿತ್ತು. ಬೆಳಗ್ಗೆ ಸೋನಾರ್ ಚೆನ್ನಾಗಿ ಹಿಡಿಯುತ್ತಿತ್ತು, ಮಧ್ಯಾಹ್ನ ಕೈಕೊಡುತ್ತಿತ್ತು. ಊಟ ಮಾಡಿ ಹುಡುಗರು ತೂಕಡಿಸುತ್ತಿದ್ದಾರೆ ಅಂತ ಬೈಗುಳ ಬೇರೆ. ಕಾರಣ ಹುಡುಗರಲ್ಲ, ಬಿಸಿಲು. ಬಿಸಿಲಿಗೆ ಮೇಲಿನ ನೀರು ಕಾದಾಗ ಅಲ್ಲಿ ಸದ್ದಿನ ವೇಗ ಜಾಸ್ತಿಯಾಗುತ್ತದೆ. ವೇಗ ಕಡಿಮೆ ಇರುವ ತಣ್ಣನೆ ನೀರಿನ ಕಡೆಗೆ ಸದ್ದು ಬಾಗಿಬಿಡುತ್ತದೆ. ನೇರ ಹೋಗಬೇಕಾದದ್ದು ಕೆಳಕ್ಕೆ ಇಳಿದು, ಮುಂದೆ ಒಂದು ನೆರಳಿನ ಜಾಗ ಉಳಿಯುತ್ತದೆ. ಬೆಳಕಿನ ನೆರಳಲ್ಲ, ಸದ್ದಿನ ನೆರಳು. ಅದರೊಳಗೆ ಕೂತವನು ಹತ್ತಿರ ಇದ್ದರೂ ಇಲ್ಲದ ಹಾಗೆ. ಸಬ್‌ಮರೀನ್ ಕ್ಯಾಪ್ಟನ್ನುಗಳು ಇವತ್ತಿಗೂ ನೀರಿನ ಬಿಸಿ ಅಳೆದು, ಎಷ್ಟು ಆಳದಲ್ಲಿ ಅಡಗಬೇಕು ಅಂತ ತೀರ್ಮಾನಿಸುತ್ತಾರೆ.

ಹಾಗಾದರೆ ಸುಮ್ಮನೆ ಕೇಳುತ್ತಾ ಕೂರುವುದು ಯಾಕೆ, ಜೋರಾಗಿ ಪಿಂಗ್ ಅಂತ ಕೂಗಿ ಪ್ರತಿಧ್ವನಿ ಹಿಡಿಯಬಾರದೇ ಅಂತ ಮಗಳೇ ಕೇಳಿದಳು. ಹಿಡಿಯಬಹುದು. ಆದರೆ ಕತ್ತಲೆ ಬಯಲಲ್ಲಿ ಟಾರ್ಚ್ ಹಾಕಿದ ಹಾಗೆ. ನಿನಗೆ ಅವನು ಕಾಣುವುದಕ್ಕೆ ಮೊದಲೇ ಅವನಿಗೆ ನೀನು ಕಾಣುತ್ತೀಯ. ಪಿಂಗ್ ಹೋಗಿ ಬರಬೇಕು, ಅವನಿಗೆ ಬರೀ ಹೋದರೆ ಸಾಕು. ಅದಕ್ಕೇ ಎಲ್ಲರೂ ಬಾಯಿ ಮುಚ್ಚಿಕೊಂಡು ಕಿವಿ ತೆರೆದಿರುತ್ತಾರೆ. ಎಲ್ಲರೂ ಹಾಗೇ ಮಾಡಿದರೆ ಏನಾಗುತ್ತದೆ? 2009ರ ಫೆಬ್ರವರಿಯಲ್ಲಿ ಬ್ರಿಟನ್ನಿನ ವ್ಯಾನ್‌ಗಾರ್ಡ್, ಫ್ರಾನ್ಸಿನ ಲ ತ್ರಿಯೋಂಫಾಂ ಎರಡೂ ಅಟ್ಲಾಂಟಿಕ್ ನೀರೊಳಗೆ ಡಿಕ್ಕಿ ಹೊಡೆದುಕೊಂಡವು. ಎರಡೂ ಅಣ್ವಸ್ತ್ರ ಕ್ಷಿಪಣಿ ಹೊರುವ ಸಬ್‌ಮರೀನುಗಳು. ಯಾವುದೋ ಕಂಟೇನರಿಗೆ ತಗುಲಿರಬೇಕು ಅಂತ ಫ್ರಾನ್ಸಿನವರು ಮೊದಲು ಅಂದುಕೊಂಡಿದ್ದರು. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ.

ಈಗ ಸ್ವೀಡನ್.

ಸಮುದ್ರದ ಕಾನೂನು ಹೀಗಿದೆ: ಪರದೇಶದ ಸಬ್‌ಮರೀನ್ ಇನ್ನೊಂದು ದೇಶದ ಕರಾವಳಿ ನೀರಿಗೆ ಬಂದರೆ ಮೇಲೆದ್ದು, ಬಾವುಟ ತೋರಿಸಿಕೊಂಡೇ ಹೋಗಬೇಕು. ಕದ್ದು ಬರುವವನು ಬಾವುಟ ತೋರಿಸುತ್ತಾನಾ? 1981ರ ಅಕ್ಟೋಬರ್ 27ರ ರಾತ್ರಿ ಸೋವಿಯತ್ ಸಬ್‌ಮರೀನೊಂದು ಕಾರ್ಲ್ಸ್‌ಕ್ರೋನಾ ನೌಕಾನೆಲೆಯ ಹತ್ತಿರ ಬಂದು ಬಂಡೆ ಏರಿ ಕೂತುಬಿಟ್ಟಿತು. ಸ್ವೀಡನ್ನಿನವರು ಅದನ್ನು ಯು 137 ಅಂತ ಕರೆದರು. ದಿಕ್ಕು ತೋರಿಸುವ ಉಪಕರಣ ಕೆಟ್ಟಿತ್ತು, ದಾರಿ ತಪ್ಪಿತು ಅಂತ ಸೋವಿಯತ್ ಹೇಳಿತು. ಅದನ್ನು ಕಂಡುಹಿಡಿದದ್ದು ಯಾವ ಸೋನಾರೂ ಅಲ್ಲ. ಮರುದಿನ ಬೆಳಗ್ಗೆ ನೋಡಿ ಸುದ್ದಿ ಮುಟ್ಟಿಸಿದವರು ಒಬ್ಬ ಮೀನುಗಾರ. ಪಕ್ಕದಲ್ಲೇ ನೌಕಾನೆಲೆ!

ಆ ಪೆಟ್ಟು ಸ್ವೀಡನ್ನಿನ ಕಿವಿಯನ್ನೇ ಬದಲಾಯಿಸಿತು ಅಂತ ನನಗೆ ಅನ್ನಿಸುತ್ತದೆ. 1982ರಲ್ಲಿ ಹೋರ್ಸ್‌ಫ್ಯಾರ್ಡನ್ ಅನ್ನುವಲ್ಲಿ ವಾರಗಟ್ಟಲೆ ಹುಡುಕಿದರು, ನೀರಿಗೆ ಬಾಂಬು ಹಾಕಿದರು. ಒಂದೂ ಸಿಗಲಿಲ್ಲ. ಸ್ವೀಡನ್ನಿನ ಪಕ್ಕದ ಬಾಲ್ಟಿಕ್ ಸಮುದ್ರ ಅಂದರೆ ಕೇಳುವವನಿಗೆ ಕೆಟ್ಟ ಜಾಗ. ಆಳ ಕಡಿಮೆ. ನದಿಗಳ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ, ಪದರ ಪದರ. ಸಾವಿರಾರು ದ್ವೀಪ, ಎಲ್ಲೆಲ್ಲೂ ಬಂಡೆ. ಪ್ರತಿ ಬಂಡೆಯೂ ಒಂದು ಪ್ರತಿಧ್ವನಿ. ಸೋವಿಯತ್ ಒಕ್ಕೂಟ ಮುಳುಗಿದ ಮೇಲೂ ಅನುಮಾನದ ಸದ್ದುಗಳು ನಿಲ್ಲಲಿಲ್ಲ. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ, ಚಟಪಟ.

1996ರಲ್ಲಿ ಮಾಗ್ನಸ್ ವಾಲ್‌ಬರ್ಗ್, ಹೋಕಾನ್ ವೆಸ್ಟರ್‌ಬರ್ಗ್ ಅನ್ನುವ ಇಬ್ಬರು ವಿಜ್ಞಾನಿಗಳಿಗೆ ಸ್ವೀಡನ್ನಿನ ನೌಕಾಪಡೆಯವರು ಆ ಗುಟ್ಟಿನ ರೆಕಾರ್ಡಿಂಗ್ ಕೇಳಿಸಿದರು. ಇವರಿಗೆ ಅದು ಗುಳ್ಳೆಗಳ ಸದ್ದು ಅನ್ನಿಸಿತು. ಯಾರು ಬಿಡುತ್ತಿದ್ದಾರೆ ಈ ಗುಳ್ಳೆ? ಹೆರಿಂಗ್ ಮೀನಿನ ಹೊಟ್ಟೆಯಲ್ಲೊಂದು ಗಾಳಿಚೀಲ ಇದೆ. ಅದರಿಂದ ಹಿಂದಿನ ದ್ವಾರಕ್ಕೆ ಒಂದು ಸಣ್ಣ ಕೊಳವೆ. ಹೆರಿಂಗ್ ತಂದು ನೀರಲ್ಲಿ ಮೆಲ್ಲಗೆ ಅಮುಕಿದರು. ಅದೇ ಸದ್ದು! ಲಕ್ಷಗಟ್ಟಲೆ ಮೀನು ಹಿಂಡು ಕಟ್ಟಿ ಹೋಗುವಾಗ ಏನಾದರೂ ಬೆದರಿಸಿದರೆ, ಎಲ್ಲವೂ ಒಟ್ಟಿಗೆ ಗಾಳಿ ಬಿಡುತ್ತವೆ. ಅವು ಹೀಗೆ ಮಾತಾಡಿಕೊಳ್ಳುತ್ತವೆ ಅನ್ನುವ ವಾದ ಮಾಡಿದ ಇನ್ನೊಂದು ತಂಡದ ಜೊತೆಗೆ ಇವರಿಗೆ 2004ರ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಎಲ್ಲರೂ ಈ ಕಥೆಯನ್ನು ನಗೆಗೆ ಹೇಳುತ್ತಾರೆ. ನನಗೆ ನಗು ಅಷ್ಟಾಗಿ ಬರುವುದಿಲ್ಲ. ಆ ಸೋನಾರ್ ಹುಡುಗರು ಕೇಳಿದ್ದು ನಿಜವಾದ ಸದ್ದೇ. ಕಿವಿ ತಪ್ಪಲಿಲ್ಲ, ಹೆಸರಿಟ್ಟದ್ದು ತಪ್ಪಿತು. ಜೊತೆಗೆ ಯು 137 ನಿಜವಾಗಿಯೂ ಬಂದಿತ್ತು ತಾನೆ. ಒಮ್ಮೆ ಕಳ್ಳ ಬಂದ ಮನೆಯಲ್ಲಿ ಇಲಿ ಓಡಿದರೂ ಕಳ್ಳನೇ. 2014ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನ ದ್ವೀಪಗಳ ನಡುವೆ ಮತ್ತೆ ಒಂದು ವಾರ ಹುಡುಕಾಟ ನಡೆಯಿತು. ಸಣ್ಣ ಸಬ್‌ಮರೀನ್ ಬಂದದ್ದು ನಿಜ ಅಂತ ಸೇನೆ ಹೇಳಿತು. ಮುಂದಿನ ವರ್ಷ, ಆಗ ಕಂಡಿದ್ದರಲ್ಲಿ ಒಂದು ಸಾಮಾನ್ಯ ಕೆಲಸದ ದೋಣಿ ಅಂತಲೂ ಅವರೇ ಹೇಳಿದರು.

ತಮಾಷೆ ಏನಂದರೆ, ಅಡಗುವುದರಲ್ಲಿ ಅದೇ ಸ್ವೀಡನ್ ಗುರು. ಅವರ ಗೋಟ್‌ಲ್ಯಾಂಡ್ ಸಬ್‌ಮರೀನಿನಲ್ಲಿ ಹೊರಗಿನಿಂದ ಬಿಸಿ ಕೊಟ್ಟು ಓಡಿಸುವ ಸ್ಟರ್ಲಿಂಗ್ ಎಂಜಿನ್ ಇದೆ, ಜೊತೆಗೆ ದ್ರವ ಆಮ್ಲಜನಕ ಒಯ್ಯುತ್ತದೆ. ಗಾಳಿಗಾಗಿ ಮೇಲೆ ಬರದೆ ವಾರಗಟ್ಟಲೆ ಮೆತ್ತಗೆ ಇರಬಲ್ಲದು. 2005ರಿಂದ ಎರಡು ವರ್ಷ ಅಮೆರಿಕದವರು ಅದನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತರಿಸಿಕೊಂಡು, ಇದನ್ನು ಹಿಡಿಯುವುದು ಹೇಗೆ ಅಂತ ಅಭ್ಯಾಸ ಮಾಡಿದರು.

ಇನ್ನೊಂದು ವಿಷಯ ಓದಿ ಎರಡು ದಿನ ನಿದ್ದೆ ಬರಲಿಲ್ಲ. ಬೆಚ್ಚನೆ ಸಮುದ್ರಗಳಲ್ಲಿ ಚಿಟಿಕೆ ಹೊಡೆಯುವ ಸೀಗಡಿಗಳಿವೆ. ಪಟಪಟ ಅಂತ ಸಾವಿರಾರು ಸೇರಿ ಸೋನಾರನ್ನೇ ಮುಳುಗಿಸುತ್ತವೆ. 1990ರ ದಶಕದಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಮೈಕಲ್ ಬಕಿಂಗ್‌ಹ್ಯಾಮ್ ಉಲ್ಟಾ ಯೋಚಿಸಿದರು. ಈ ಗದ್ದಲವನ್ನೇ ಬಿಸಿಲು ಅಂದುಕೊಳ್ಳೋಣ. ಬಿಸಿಲು ವಸ್ತುವಿನ ಮೇಲೆ ಬಿದ್ದು ನಮಗೆ ಕಾಣುವ ಹಾಗೆ, ಗದ್ದಲ ವಸ್ತುವಿಗೆ ತಾಗಿ ಬರುವುದನ್ನು ಹಿಡಿದರೆ ಸದ್ದೇ ಮಾಡದ ವಸ್ತುವೂ ಕಾಣಬೇಕಲ್ವಾ? ನೀರೊಳಗೆ ಇಟ್ಟ ಹಲಗೆಗಳ ಮಸುಕು ಚಿತ್ರವನ್ನು ಹೀಗೇ ತೆಗೆದು ತೋರಿಸಿದರು. ಹನ್ನೊಂದು ವರ್ಷ ನಾನು ಒರೆಸಿದ ಸದ್ದೆಲ್ಲ ನೆನಪಾಯಿತು.

ನಾನೂ ಮಾಡಿ ನೋಡಿದೆ. ಬಕೆಟ್ಟಿಗೆ ನಲ್ಲಿ ಸಣ್ಣಗೆ ಬಿಟ್ಟೆ, ಅದೇ ಗದ್ದಲ. ನಾನು ಗೋಡೆಗೆ ಮುಖ ಮಾಡಿ ಹೆಡ್‌ಫೋನ್ ಹಾಕಿ ಕೂರಬೇಕು. ಮಗಳು ದಾರ ಕಟ್ಟಿದ ಸ್ಟೀಲ್ ಚೊಂಬನ್ನು ಮೆತ್ತಗೆ ಇಳಿಸಬೇಕು, ಇಲ್ಲವೇ ಇಳಿಸದೆ ಇರಬೇಕು. ನಾನು ಇದೆ, ಇಲ್ಲ ಅಂತ ಹೇಳಬೇಕು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಹತ್ತು ಸಲ ಮಾಡಿದೆವು. ಆರು ಸರಿ. ಒಂದು ಸಲ ಚೊಂಬು ಇದ್ದರೂ ಇಲ್ಲ ಅಂದಿದ್ದೆ. ಉಳಿದ ಮೂರು ಸಲ ಚೊಂಬು ಅವಳ ತೊಡೆಯ ಮೇಲೆ ಇತ್ತಂತೆ, ನಾನು ಇದೆ ಅಂದಿದ್ದೆ. ಅದರಲ್ಲೂ ಹತ್ತರ ಪೈಕಿ ನಾಲ್ಕನೇ ಸಲ, "ಖಂಡಿತಾ ಇದೆ" ಅಂದಿದ್ದೆನಂತೆ.

"ಮತ್ತೆ ನಿನಗೆ ಕೇಳಿಸಿದ್ದು ಏನಪ್ಪಾ?" ಅಂದಳು.

ಆ ಫೈಲನ್ನು ಇನ್ನೂ ಅಳಿಸಿಲ್ಲ. ನಾಲ್ಕನೆಯದನ್ನು ನಿನ್ನೆ ರಾತ್ರಿ ಮತ್ತೆ ಕೇಳಿದೆ. ಚೊಂಬು ಇದೆ ಅಂತಲೇ ಅನ್ನಿಸುತ್ತದೆ.